ಬಣವೆಯ ಆಚೆ

“ಸರೀರಿ, ಸರೀರಿ! ಹಾಯಾಕ ಬರತೈತಿ!”

ಉಳವಪ್ಪ ಹಗ್ಗ ಬಿಟ್ಟು ಹಿಂದಕ್ಕೆ ಹಾರಿದ. ಹಾರಿದರೂ ಆಕಳು ಕೆಂದಿಯ ಕೋಡು ಅವನ ಧೋತರವನ್ನು ಸಿಗಿದಿತ್ತು. “ಸತ್ತ ಮನ್ಯಾಗ ಎರಡನೇ ಹೆಣಾ ಮಾಡಸಬ್ಯಾಡೋ ಮಾರಾಯಾ,” ಎಂದರು ಯಾರೋ. ಒಂದಿಬ್ಬರು ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಬಾಯಿಗೆ ಟವೆಲ್ಲು ಹಿಡಿದರು.

ಒಳಗೆ ಪಡಸಾಲೆಯಲ್ಲಿ ಬಾಯವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವು. ಭಜನೆಯವರು ಎಷ್ಟು ಜೋರಾಗಿ ತಾಳ ಬಡಿದರೂ ಹಿತ್ತಲಿನ ಆಕಳ ಕೂಗು ಅದನ್ನು ಮೀರಿ ಬರುತ್ತಿತ್ತು.

“ಮನಿ ಕಡೀನ ಮಾರಿ ಮಾಡಿ ಅಳಾಕ ಹತ್ತೈತಿ ನೋಡ್ರೆವ್ವಾ, ಮೂಕ ಜೀವ,” ಎಂದು ಹೆಂಗಸರು ಕಣ್ಣೊರೆಸಿಕೊಂಡರು.

“ಅಳೂದಿದ್ರ ಅಳಲಿ, ಹಾಯೂದ್ಯಾಕ?” ಉಳವಪ್ಪ ಧೋತರದ ಹರುಕು ನೋಡಿಕೊಂಡ. “ಮಣ್ಣ ಆಗೂದ ತಡ, ಟೆಂಪೊ ಕರಸಿ ಸಂತಿಗೆ ಕಳಸೂದ. ಹಾಯೋ ದನಾ ಯಾರ ಕಟಗೋತಾರ?” ಅವನು ಬಾಯವ್ವನ ಮೈದುನ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ; ಇಲ್ಲಿ ಇನ್ನು ಅವನ ಮಾತೇ ಮಾತು.

ನೀಲಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಸೋದರತ್ತೆಯ ಮಣ್ಣಿಗೆಂದು ಅಪ್ಪ ಸಂಗಪ್ಪನ ಜೊತೆ ನೇಸರಗಿಯಿಂದ ಬಂದವಳು. ‘ಬ್ಯಾಡ ಮಾಮಾ, ಮಾರಬ್ಯಾಡ್ರಿ’ ಎನ್ನಬೇಕೆಂದುಕೊಂಡಳು. ಡಿಗ್ರಿ ಮುಗಿಸಿದ್ದರೂ ನಾಲ್ಕು ಜನರೆದುರು ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಅಂಗಳದಲ್ಲಿ ಅಪ್ಪ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ: “ನಿದ್ದ್ಯಾಗ ಹ್ವಾದ್ಳ್ರಿ ನಮ್ಮಕ್ಕ. ತಾನೂ ನರಳಲಿಲ್ಲ, ಯಾರಿಗೂ ಕಾಡಲಿಲ್ಲ.” ಹಾಗೆ ಹೇಳಿದಾಗಲೆಲ್ಲ ಅವನ ಉಸಿರು ಒಂದಿಷ್ಟು ಹಗುರಾಗುತ್ತಿತ್ತು.

*

ಅತ್ತೆ ಆಗಾಗ ಫೋನು ಮಾಡುತ್ತಿದ್ದಳು.

“ಉಂಡೇನವಾ?”

“ಉಂಡೆ ಅತ್ತಿ. ನೀ?”

“ಹೂಂ.”

ಅಲ್ಲಿಗೆ ಇಬ್ಬರ ಮಾತೂ ತೀರುತ್ತಿತ್ತು. ಮಾತು ಬೆಳೆಸುವುದು ಇಬ್ಬರಿಗೂ ಬಾರದು. ಫೋನು ಇಡಲು ಇಬ್ಬರಿಗೂ ಮನಸ್ಸಿಲ್ಲ. “ತಡಿ, ಕೆಂದಿ ಮಾತಾಡತಾಳಂತ,” ಎಂದು ಅತ್ತೆ ಫೋನನ್ನು ಗೋದಲಿಯ ಕಟ್ಟೆಯ ಮೇಲಿಡುತ್ತಿದ್ದಳು. ಆಕಳು ಜೋಳದ ಕಣಿಕೆ ಅಗಿಯುವ ಸದ್ದು ಕೇಳುತ್ತಿತ್ತು. ನಡುವೆ ಅತ್ತೆಯ ದನಿ: “ಬಂದ್ನೇಳವ್ವಾ! ನಿಮ್ಮಪ್ಪನ ಮನಿ ಗಂಟೇನ ಹೊಂಟೈತಿ? ಮೊದಲ ನಿನ್ನ ಮಗಳನ್ನ ಅತ್ತಾಗ ಕಟ್ಟಿ ಬರತೇನಿ. ಅಕಿ ಎಲ್ಲಾ ಕುಡದ್ರ ನನ್ನ ಚಾಕ್ಕ ಏನ ಉಳೀತೈತಿ?” ಫೋನಿನಲ್ಲಿ ಮಾತಿಲ್ಲದ ಅತ್ತೆಗೆ ಆಕಳ ಮುಂದೆ ಎಷ್ಟು ಮಾತು! ನೀಲಾ ಫೋನು ಕಿವಿಗೊತ್ತಿಕೊಂಡು ಸುಮ್ಮನೆ ಕೇಳುತ್ತಿದ್ದಳು.

*

“ಆಯಿ, ಆಕಳ ಯಾವಾಗಿಂದ ಹಿಂಗ ಒದರತೈತಿ?” ನೀಲಾ ಪಕ್ಕದ ಮನೆಯ ಶಟ್ಟೆವ್ವನನ್ನು ಮೆಲ್ಲಗೆ ಕೇಳಿದಳು.

“ಮೊನ್ನೆ ಸಂಜಿಂದ ತಂಗೀ. ಬೆದಿಗೆ ಬಂದೈತಿ ಅಂದಕೊಂಡ್ವಿ. ಹೋದ ತಿಂಗಳ ಹಿಂಗ ಊರ ಎತ್ತಿ ಕುಂದರಿಸಿತ್ತ. ‘ಬಾಯವ್ವಾ, ನಿನ್ನ ಮಗಳಿಗೆ ಗಂಡ ಹುಡುಕ’ ಅಂತ ನಿನ್ನೆ ನಮ್ಮ ಮನಿಯಿಂದನ ಒದರಿ ನಕ್ಕೆ.” ಶಟ್ಟೆವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. “ಇವತ್ತ ಮುಂಜಾನೆ ಬೈಯಾಕಂತ ಬಂದೆವ್ವಾ. ಹಾಸಿಗಿ ಮ್ಯಾಲ ಇದ್ಳು. ಮೈ ಇನ್ನೂ ಬೆಚ್ಚಗಿತ್ತ.”

ನೀಲಾ ಹಿತ್ತಲಿಗಿಳಿದಳು. ಮೇವು ಮುಂದಿತ್ತು, ನೀರೂ ಇತ್ತು. ಮಗ್ಗುಲಿನಿಂದ ನೋಡಿದಾಗ ಕೆಂದಿಯ ಕೆಚ್ಚಲು ಬಿಗಿದು ಕೆಂಪಗಾಗಿತ್ತು. ಅದು ನೋಡುತ್ತಿದ್ದುದು ಮನೆಯನ್ನಲ್ಲ, ಮನೆಯ ಗೋಡೆಗೆ ಹೊಂದಿದ ಬಣವೆಯನ್ನು. ಆ ಕಡೆಗೆ ಅಡ್ಡ ನಿಂತವರನ್ನಷ್ಟೇ ಅದು ಹಾಯಲು ಬರುತ್ತಿತ್ತು.

ಅವಳು ಬಣವೆಯ ಹಿಂದಕ್ಕೆ ಹೋದಳು.

ಕರು ನೆಲಕ್ಕೆ ಗದ್ದ ಊರಿ ಬಿದ್ದಿತ್ತು. ಕೂಗಿ ಕೂಗಿ ದನಿ ಹೋಗಿ, ಬಾಯಿ ತೆರೆದರೆ ಗಾಳಿಯಷ್ಟೇ ಬರುತ್ತಿತ್ತು. ನೀಲಾ ಹಗ್ಗ ಬಿಚ್ಚಿ, ಎರಡೂ ತೋಳುಗಳಲ್ಲಿ ಅದನ್ನೆತ್ತಿ ತಾಯಿಯ ಬಳಿಗೆ ತಂದಳು.

ಕೂಗು ನಿಂತಿತು. ಭಜನೆಯವರೂ ಒಂದು ಕ್ಷಣ ತಾಳ ತಪ್ಪಿದರು.

“ಏನಾತು?” ಎನ್ನುತ್ತ ಸಂಗಪ್ಪ ಓಡಿಬಂದ. ನೊರೆ ಸುರಿಸುತ್ತ ಮೊಲೆಗೆ ಗುದ್ದುತ್ತಿದ್ದ ಕರುವನ್ನು ನೋಡಿದ. ಅದರ ಕೊರಳಲ್ಲಿ ಹಗ್ಗ ಕೊರೆದ ಗಾಯವಿತ್ತು. ದನ ಕಟ್ಟಿ ಬಾಳಿದವನು ಅವನು.

“ಯಾವಾಗ ಕಟ್ಟಿದ್ದವಾ ಇದು?”

ನೀಲಾ ನೆಲ ನೋಡಿದಳು. “ಮೊನ್ನೆ ಸಂಜಿಗೆ, ಅಪ್ಪಾ. ಅತ್ತಿ ಕಟ್ಟಿ ಒಳಗ ಹೋಗ್ಯಾಳ. ಮತ್ತ ಏಳಾಕ ಆಗಿಲ್ಲ.”

ಸಂಗಪ್ಪ ಮನೆಯ ಗೋಡೆಯ ಕಡೆ ತಿರುಗಿದ. ಮೊನ್ನೆ ಸಂಜೆಯಿಂದ ಇವತ್ತು ಮುಂಜಾನೆಯವರೆಗೆ ಅಕ್ಕ ಹಾಸಿಗೆಯಲ್ಲಿ ಈ ಕೂಗು ಕೇಳುತ್ತ ಮಲಗಿದ್ದಳು.

“ಹ್ಯಾಂಗ ಸುಮ್ಮನಾತೋ ಸಂಗಪ್ಪಾ?” ಉಳವಪ್ಪ ಬಾಗಿಲಿನಿಂದ ಕೂಗಿದ.

“ಕರಾ ಬೇಕಾಗಿತ್ತಂತ ಅದಕ್ಕ,” ಎಂದ ಸಂಗಪ್ಪ. “ಟೆಂಪೊ ಕರಸಬ್ಯಾಡ. ಎರಡೂ ನಮ್ಮ ಮನಿಗೆ ಬರತಾವು.”

“ಆತು ತಗೋ. ಲಗೂನ ಬಾ, ಹೊತ್ತಾತು.” ಹೊರಗೆ ಹಲಗೆಯ ಬಡಿತ ಶುರುವಾಗಿತ್ತು.

ಸಂಗಪ್ಪ ಹೋಗಲಿಲ್ಲ. ಬಣವೆಯ ಹಿಂದೆ ನಡೆದ. ಅಲ್ಲಿ ಗೂಟದ ಸುತ್ತ, ಹಗ್ಗ ಎಟಕುವಷ್ಟು ದೂರಕ್ಕೆ, ಕರು ಸುತ್ತಿ ಸುತ್ತಿ ನೆಲ ಬಳೆಯಂತೆ ಸವೆದು ತಗ್ಗಾಗಿತ್ತು. ಅವನು ಒಮ್ಮೆ ಹಿಂದೆ ತಿರುಗಿ, ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಬರಿಗಾಲಿನಿಂದ ಮಣ್ಣು ಎಳೆದೆಳೆದು ಆ ತಗ್ಗನ್ನು ಮುಚ್ಚತೊಡಗಿದ.