ಹದಿನೇಳು, ಹದಿನೆಂಟು

ಮಕ್ಕಳನ್ನು ಎಣಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದ ಕಾಲವೊಂದಿತ್ತು. ಬೇರೆ ಮೇಡಂಗಳು ಪ್ರವಾಸಕ್ಕೆ ಹೊರಟರೆ ಬಸ್ಸಿನ ಬಾಗಿಲಲ್ಲಿ ನಿಂತು ಒಂದೊಂದೇ ತಲೆ ಮುಟ್ಟಿ ಎಣಿಸುತ್ತಿದ್ದರು. ಮಧ್ಯೆ ಯಾವನೋ ಪೆನ್ಸಿಲ್ ಬಿತ್ತೆಂದು ಬಗ್ಗುತ್ತಿದ್ದ, ಲೆಕ್ಕ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು. ಅಂಥ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ನನ್ನ ಮೂರನೇ ತರಗತಿಯ ಮಕ್ಕಳಿಗೆ ಹಾಜರಿ ಪುಸ್ತಕದ ನಂಬರನ್ನೇ ಬಾಯಿಪಾಠ ಮಾಡಿಸಿದ್ದೆ. ನಾನು "ನಂಬರ್!" ಎಂದು ಕೂಗಿದರೆ ಸಾಕು, ಒಂದು, ಎರಡು, ಮೂರು ಎಂದು ಸಾಲಾಗಿ ಬರಬೇಕು. ಮೂವತ್ತೆರಡು ಬಂದರೆ ಎಲ್ಲರೂ ಇದ್ದಾರೆ. ನಡುವೆ ನಿಂತರೆ ನಿಂತಲ್ಲಿ ಒಬ್ಬರಿಲ್ಲ. ಅರ್ಧ ನಿಮಿಷದ ಕೆಲಸ. ಹೆಡ್ ಮೇಡಂ ಇದನ್ನು ಸ್ಟಾಫ್ ಮೀಟಿಂಗಿನಲ್ಲಿ ಹೊಗಳಿದ್ದರು, ನಾನೂ ಉಬ್ಬಿದ್ದೆ.

ಈ ಅರ್ಧ ನಿಮಿಷಕ್ಕೆ ಅಡ್ಡಗಾಲು ಹಾಕುತ್ತಿದ್ದವನು ಹದಿನೆಂಟನೆಯ ನಂಬರಿನ ಹುಡುಗ. ಮನೆಯಲ್ಲಿ ಅವನನ್ನು ಗುಂಡು ಎನ್ನುತ್ತಿದ್ದರು. ಆಸಾಮಿ ಮಾತ್ರ ಕಡ್ಡಿಯ ಹಾಗಿದ್ದ. ಅವನಿಗೆ ಉಗ್ಗು. ಮೊದಲ ವಾರ ಹದಿನೇಳರವರೆಗೆ ಸರಾಗವಾಗಿ ಬಂದ ಎಣಿಕೆ ಅವನ ಹತ್ತಿರ ಬಂದು "ಹ... ಹ..." ಎಂದು ಸಿಕ್ಕಿಕೊಳ್ಳುತ್ತಿತ್ತು. ಅವನ ಕತ್ತಿನ ನರ ಉಬ್ಬುತ್ತಿತ್ತು, ಹಿಂದಿನ ಬೆಂಚಿನವರು ಕಿಸಕ್ಕೆನ್ನುತ್ತಿದ್ದರು, ನಾನು ಚಾಕ್‌ಪೀಸ್ ಮೇಜಿಗೆ ಕುಟ್ಟುತ್ತ ನಿಲ್ಲುತ್ತಿದ್ದೆ.

ಅವನ ಪಕ್ಕದಲ್ಲಿ ಕೂರುತ್ತಿದ್ದವಳು ಹದಿನೇಳು. ಸ್ಟಾಫ್ ರೂಮಿನಲ್ಲಿ ನಾವು ಅವಳಿಗೆ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಗೇಟು ದಾಟಿದಾಗ ಶುರುವಾದರೆ ಸಂಜೆ ಗೇಟು ದಾಟುವವರೆಗೆ ಬಾಯಿಗೆ ಬಿಡುವಿಲ್ಲ. ಅವರ ಮನೆ ಬೆಕ್ಕಿನ ಮರಿಗಳು ಎಷ್ಟು, ಅವರತ್ತೆಗೆ ಹಲ್ಲುನೋವು ಯಾವ ಕಡೆ, ಎಲ್ಲ ನನಗೆ ಗೊತ್ತಿತ್ತು. ಒಂದು ವಿಷಯ ಮಾತ್ರ ನಾನು ನೋಡಿಯೂ ತಲೆಗೆ ಹಾಕಿಕೊಂಡಿರಲಿಲ್ಲ. ಗುಂಡು ಬಾಯಿ ತೆರೆದಾಗ ಆ ರೇಡಿಯೋ ತಾನಾಗಿ ನಿಲ್ಲುತ್ತಿತ್ತು. ಗಲ್ಲಕ್ಕೆ ಕೈಕೊಟ್ಟು, ಅವನ ಮಾತು ಪೂರ್ತಿ ಮುಗಿಯುವವರೆಗೆ ಕಾಯುತ್ತಿದ್ದಳು. ಇಡೀ ಶಾಲೆಯಲ್ಲಿ ಅವನಿಗಾಗಿ ಕಾಯುತ್ತಿದ್ದವಳು ಅವಳೊಬ್ಬಳೇ.

ಒಂದು ದಿನ ಕಿಸಕಿಸ ಜಾಸ್ತಿಯಾದಾಗ ಅವಳು ಒಂದೇ ಉಸಿರಿಗೆ "ಹದಿನೇಳು, ಹದಿನೆಂಟು" ಎಂದುಬಿಟ್ಟಳು. ಹತ್ತೊಂಬತ್ತು ತಕ್ಷಣ ಬಂತು.

"ಇದು ಚೆನ್ನಾಗಿದೆ," ಎಂದೆ ನಾನು. "ಇನ್ಮೇಲೆ ನೀನೇ ಎರಡೂ ಹೇಳ್ಬಿಡು. ಅವನ್ಯಾಕೆ ಸುಮ್ನೆ ಒದ್ದಾಡ್ಬೇಕು?"

ಮಗುವಿಗೆ ಉಪಕಾರ ಮಾಡಿದೆನೆಂದೇ ಅಂದುಕೊಂಡೆ. ಉಪಕಾರವಾದದ್ದು ನನ್ನ ಅರ್ಧ ನಿಮಿಷಕ್ಕೆ. ಅಂದಿನಿಂದ ಅವಳು ಎರಡೂ ಹೇಳತೊಡಗಿದಳು. ಅವನು ಶಾಲೆಗೆ ಬಾರದ ದಿನ "ಹದಿನೇಳು, ಗುಂಡು ಬಂದಿಲ್ಲ ಮಿಸ್" ಎನ್ನುತ್ತಿದ್ದಳು. ಪಕ್ಕದಲ್ಲೇ ಕೂರುವವಳು, ತಪ್ಪುವ ಪ್ರಶ್ನೆಯೇ ಇರಲಿಲ್ಲ.

ಆ ವರ್ಷದ ಮೊದಲ ಪ್ರವಾಸ ಊರಾಚೆಯ ನೀರು ಶುದ್ಧಮಾಡುವ ಘಟಕಕ್ಕೆ. ಅದಕ್ಕೆ ಮೊದಲು ತರಗತಿಯಲ್ಲೇ ಒಂದು ಚಟುವಟಿಕೆ ಮಾಡಿಸಿದೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ಮಾಡಿ, ಬಾಯಿಗೆ ಹತ್ತಿ ತುರುಕಿ, ಮೇಲೆ ಇದ್ದಿಲ ಪುಡಿ, ಮರಳು, ಸಣ್ಣ ಕಲ್ಲು. ಮೇಲಿನಿಂದ ಕೆಸರು ನೀರು ಹೊಯ್ದರೆ ಕೆಳಗೆ ತಿಳಿನೀರು ತೊಟ್ಟಿಕ್ಕಬೇಕು. ನನ್ನ ತರಗತಿ ಅರ್ಧ ಗಂಟೆಯಲ್ಲಿ ಇದ್ದಿಲ ಅಂಗಡಿಯಾಯಿತು. ಹೆಚ್ಚಿನವರ ಬಾಟಲಿಯಿಂದ ಹೊಯ್ದದ್ದಕ್ಕಿಂತ ಕಪ್ಪು ನೀರು ಬಂತು. ಗುಂಡು ಮಾತ್ರ ಇದ್ದಿಲನ್ನು ಮೂರು ಸಲ ತೊಳೆದು, ಮರಳನ್ನು ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ್ದ. ಅವನ ಲೋಟದ ನೀರಿನಲ್ಲಿ ಮೇಜಿನ ಗೀರು ಕಾಣುತ್ತಿತ್ತು. "ಹೇಗೆ ಮಾಡ್ದೆ, ಎಲ್ಲರಿಗೂ ಹೇಳು" ಎನ್ನಬೇಕಾಗಿತ್ತು. ಗಂಟೆ ಹೊಡೆಯಲು ಐದೇ ನಿಮಿಷವಿತ್ತು. ಅವನ ಲೋಟ ಎತ್ತಿ ತೋರಿಸಿ ನಾನೇ ವಿವರಿಸಿಬಿಟ್ಟೆ.

ಘಟಕದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಅಲ್ಲಿಯ ಇಂಜಿನಿಯರು ಒಳ್ಳೆಯ ಮನುಷ್ಯ, ಮಕ್ಕಳೊಂದಿಗೆ ಮಗುವಾಗುವ ಪೈಕಿ. ಮನೆಯಷ್ಟು ಅಗಲದ, ಮೇಲೆ ನೀರು ತುಂಬಿದ ಮರಳಿನ ತೊಟ್ಟಿಗಳನ್ನು ಕಂಬಿಯಾಚೆಯಿಂದ ತೋರಿಸಿದರು. ಪಂಪುಗಳ ಮನೆಯಲ್ಲಿ ಸದ್ದಿಗೆ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಕಿರುಚಿದರು, ಕಿರುಚಿದ್ದು ಕೇಳುವುದಿಲ್ಲವೆಂದು ತಿಳಿದ ಮೇಲೆ ಇನ್ನಷ್ಟು ಕಿರುಚಿದರು. ಕೊನೆಗೆ ಮರಳಿನ ತೊಟ್ಟಿಯ ಹತ್ತಿರ ಬಂದು ಇಂಜಿನಿಯರು "ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?" ಎಂದರು.

ಗುಂಡು ಕೈಯೆತ್ತಿದ. ವರ್ಷದಲ್ಲಿ ಮೊದಲ ಸಲ.

"ಹ... ಹ... ಹತ್..." ಎಂದ.

ಹೊರಗೆ ಡ್ರೈವರಣ್ಣ ಎರಡನೇ ಸಲ ಹಾರ್ನ್ ಹೊಡೆದಿದ್ದ. ಸಂಜೆ ಅವನಿಗೆ ಇನ್ನೊಂದು ಶಾಲೆಯ ಪಾಳಿ ಇತ್ತು, ಬೆಳಿಗ್ಗೆಯೇ ಮೂರು ಸಲ ಹೇಳಿದ್ದ.

"ಆಮೇಲೆ ಕ್ಲಾಸಲ್ಲಿ ಕೇಳೋಣಪ್ಪ, ಹೊತ್ತಾಯ್ತು," ಎಂದೆ. "ಎಲ್ರೂ ಥ್ಯಾಂಕ್ಯೂ ಹೇಳಿ. ಸಾಲಾಗಿ ನಡೀರಿ."

ಬಸ್ಸಿನಲ್ಲಿ ರೇಡಿಯೋಳನ್ನು ಮುಂದಿನ ಸೀಟಿಗೆ ಕರೆದೆ. ಬರುವಾಗ ವಾಂತಿ ಮಾಡಿದ್ದಳು. ಅವಳು ಕಿಟಕಿಗೆ ಹಣೆಯಾನಿಸಿ ಕಣ್ಣುಮುಚ್ಚಿ ಕೂತಳು. ನಾನು ಎದ್ದು ನಿಂತು "ನಂಬರ್!" ಎಂದೆ. ಹದಿನಾರರ ನಂತರ ಅವಳು ಕಣ್ಣು ತೆರೆಯದೆಯೇ "ಹದಿನೇಳು, ಹದಿನೆಂಟು" ಎಂದಳು. ಮೂವತ್ತೆರಡು ಬಂತು. ಬಸ್ಸು ಹೊರಟಿತು.

ಇಪ್ಪತ್ತು ನಿಮಿಷ ಕಳೆದಿರಬಹುದು. ಅವಳಿಗೆ ಸ್ವಲ್ಪ ಹಾಯೆನಿಸಿ ಸೀಟಿನ ಮೇಲೆ ಮೊಣಕಾಲೂರಿ ಹಿಂದೆ ತಿರುಗಿ ನೋಡಿದಳು. ಸಾಲು ಸಾಲಾಗಿ ಹುಡುಕಿದಳು.

"ಮಿಸ್, ಗುಂಡು ಎಲ್ಲಿ ಕೂತಿದ್ದಾನೆ?"

ಸೀಟುಗಳ ಕೆಳಗೆಲ್ಲ ನೋಡಿದೆ, ಮಗು ಸೀಟಿನ ಕೆಳಗೆ ಯಾಕಿರುತ್ತದೆ ಎಂದು ಯೋಚಿಸಲೂ ತೋಚಲಿಲ್ಲ. ಬಸ್ಸು ತಿರುಗಿಸಿ ಹೋಗುವಾಗ ಆ ಇಪ್ಪತ್ತು ನಿಮಿಷದ ಉದ್ದಕ್ಕೂ ನನ್ನ ಕಣ್ಣಮುಂದೆ ಇದ್ದದ್ದು ಆ ತೊಟ್ಟಿಗಳು, ಆ ಕಂಬಿ, ಕಂಬಿಯ ಸಂದಿನ ಅಗಲ.

ಅವನು ಬದುಕಿದ್ದ. ಗೇಟಿನ ಪಕ್ಕದ ಕೋಣೆಯಲ್ಲಿ ವಾಚ್‌ಮನ್‌ನ ಸ್ಟೂಲಿನ ಮೇಲೆ, ಚಡ್ಡಿ ಒದ್ದೆಯಾಗಿ, ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ನಾವು ಸಾಲಾಗಿ ನಡೆದಾಗ ಅವನು ತೊಟ್ಟಿಯ ಬಳಿಯೇ ನಿಂತು, ನಮ್ಮನ್ನು ಕಳಿಸಲು ಹೋದ ಇಂಜಿನಿಯರು ಮತ್ತೆ ಬರುತ್ತಾರೆಂದು ಕಾದಿದ್ದನಂತೆ, ಆಮೇಲೆ ಅವನ ತಾಯಿಯಿಂದ ತಿಳಿಯಿತು. ಪಂಪಿನ ಸದ್ದಿನಲ್ಲಿ ಬಸ್ಸು ಹೋದದ್ದು ಕೇಳಿಸಿರಲಿಲ್ಲ.

"ಹೆಸ್ರು ಕೇಳಿದ್ರೆ ಹೇಳಕ್ಕೇ ಆಗ್ತಿಲ್ಲ ಪಾಪ," ಎಂದ ವಾಚ್‌ಮನ್. "ಅಷ್ಟೊತ್ತು ಒದ್ದಾಡ್ತು ಮಗು. ಕೊನೆಗೆ ಶರ್ಟಿನ ಬ್ಯಾಡ್ಜ್ ನೋಡಿ ನಿಮ್ ಸ್ಕೂಲಿಗೆ ಫೋನ್ ಮಾಡ್ದೆ. ಅದ್ಯಾಕಮ್ಮ, ಹತ್ಸೋವಾಗ ಎಣಿಸ್ಲಿಲ್ವಾ?"

ಶಾಲೆಗೆ ಸುದ್ದಿ ಆಗಲೇ ಮುಟ್ಟಿದೆ ಎಂಬುದು ಮಾತ್ರ ತಲೆಯಲ್ಲಿ ಕೂತಿತು. ನನ್ನ ಕೆಲಸ ಆಗ ಕಾಯಂ ಆಗಿರಲಿಲ್ಲ. ವರ್ಷದ ಕೊನೆಗೆ ಆಗುವುದೆಂದು ಹೆಡ್ ಮೇಡಂ ಬಾಯಿಮಾತಿನಲ್ಲಿ ಹೇಳಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಮಗು ಸಿಕ್ಕಿದ ಮರುಗಳಿಗೆಯೇ ನನ್ನ ಮನಸ್ಸು ಎಲ್ಲಿಗೆ ಓಡಿತೆಂದು ಹೇಳುತ್ತಿದ್ದೇನೆ.

ಹೆಡ್ ಮೇಡಂ ಕೋಣೆಯಲ್ಲಿ ಗುಂಡುವಿನ ತಾಯಿ ಕಾದಿದ್ದರು. ಬಟ್ಟೆ ಹೊಲಿಯುವ ಅಂಗಡಿಯಿಂದ ಹಾಗೇ ಎದ್ದು ಬಂದವರು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಮಗನನ್ನು ತಬ್ಬಿಕೊಂಡು ಅವನ ಒದ್ದೆ ಚಡ್ಡಿ ಸವರಿ ನೋಡಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಎಣಿಸಿದ್ರಾ?" ಎಂದರು ಹೆಡ್ ಮೇಡಂ.

"ಎಣಿಸ್ದೆ ಮೇಡಂ. ಮೂವತ್ತೆರಡು ಬಂತು."

"ಮಗು ಅಲ್ಲಿ, ಎಣಿಕೆ ಇಲ್ಲಿ ಪೂರ್ತಿ. ಅದು ಹೇಗೆ?"

ಆಗ ಹೇಳಿದೆ. "ಹದಿನೇಳನೇ ನಂಬರಿನ ಹುಡುಗಿ ಇವನ ನಂಬರನ್ನೂ ಹೇಳ್ಬಿಟ್ಟಿದ್ದಾಳೆ ಮೇಡಂ."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಷ್ಟೋ ವರ್ಷ ಇದನ್ನೇ ನನಗೆ ನಾನೇ ಹೇಳಿಕೊಂಡಿದ್ದೇನೆ.

ರೇಡಿಯೋಳನ್ನು ಕರೆಸಿದರು. ಅವಳು ಬಂದವಳೇ ಮೊದಲು ಗುಂಡುವನ್ನು ನೋಡಿ ಹಲ್ಲು ಬಿಟ್ಟಳು, ಆಮೇಲೆ ದೊಡ್ಡವರ ಮುಖಗಳನ್ನು ನೋಡಿದಳು.

"ಅವನ ನಂಬರ್ ನೀನ್ಯಾಕೆ ಹೇಳ್ದೆ?"

ಅವಳು ನನ್ನ ಕಡೆ ನೋಡಿದಳು. ದೂರು ಹೇಳುವ ನೋಟವಲ್ಲ. ಪಾಠದ ಮಧ್ಯೆ ಉತ್ತರ ಮರೆತಾಗ ಮಕ್ಕಳು ನೋಡುತ್ತಾರಲ್ಲ, ಮೊದಲಕ್ಷರ ಹೇಳಿಕೊಡಿ ಮಿಸ್ ಎಂದು, ಹಾಗೆ. ನಾನು ಹೆಡ್ ಮೇಡಂ ಮೇಜಿನ ಮೇಲಿದ್ದ ಗ್ಲೋಬನ್ನು ನೋಡುತ್ತ ನಿಂತೆ.

"ಕೇಳ್ತಿರೋದು ನಿನ್ನನ್ನೇ. ಆಟ ಅಂದ್ಕೊಂಡ್ಯಾ? ಇವನು ನೀರಿಗೆ ಬಿದ್ದಿದ್ರೆ?"

ಬಾಯಿಗೆ ಬಿಡುವಿಲ್ಲದವಳ ಬಾಯಿ ಕಟ್ಟಿಹೋಯಿತು. ಅವಳ ಕೆಳತುಟಿ ನಡುಗಲು ಶುರುವಾದಾಗ ಗುಂಡು ತಾಯಿಯ ತೋಳಿನಿಂದ ಬಿಡಿಸಿಕೊಂಡು ಮುಂದೆ ಬಂದ.

"ಮಿ... ಮಿ... ಮಿಸ್ಸೇ..." ಎಂದ. ಕತ್ತಿನ ನರ ಉಬ್ಬಿತು. "ಮಿಸ್ಸೇ ಹ... ಹ..."

ಅವನು ಏನು ಹೇಳಹೊರಟಿದ್ದಾನೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಮೂವರಿಗೆ. ಅವನಿಗೆ, ಅವಳಿಗೆ, ನನಗೆ. ಅವಳು ಎಂದಿನಂತೆ ಕಾಯುತ್ತಿದ್ದಳು. ಇನ್ನು ನಾಲ್ಕು ಉಸಿರು ಕಾದಿದ್ದರೆ ಅವನು ಹೇಳಿಬಿಡುತ್ತಿದ್ದ.

"ಮಿಸ್, ಹೆದರಿಕೆ ಆಯ್ತು ಅಂತಿದ್ದಾನೆ ಮೇಡಂ," ಎಂದೆ. ಮುಂದೆ ಹೋಗಿ ಅವನ ಭುಜ ಹಿಡಿದೆ. "ಸಾಕಾಗಿದೆ ಮಗೂಗೆ. ಇವತ್ತು ಕಳಿಸ್ಬಿಡೋಣ."

ಅವನು ಬಾಯಿ ಮುಚ್ಚಿದ. ನನ್ನ ಕೈಯ ಕೆಳಗೆ ಅವನ ಭುಜ ಗಟ್ಟಿಯಾಯಿತು. ಆಮೇಲೆ ಆ ವರ್ಷವಿಡೀ ನನ್ನ ತರಗತಿಯಲ್ಲಿ ಅವನು ಮಾತಾಡಲು ಪ್ರಯತ್ನಿಸಲೇ ಇಲ್ಲ. ಹೌದು, ಇಲ್ಲ ಎಂದು ತಲೆಯಾಡಿಸುತ್ತಿದ್ದ, ಅಷ್ಟೇ.

ಮನೆಗೆ ಹೋಗಿ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡು ಅತ್ತೆ. ಸೋಮವಾರ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ.

"ನಿಂಗೇನು ತಲೆ ಕೆಟ್ಟಿದ್ಯಾ?" ಎಂದಳು ಅಕ್ಕ. "ಎಂಟು ವರ್ಷದ ಮಗು, ನಾಲ್ಕು ದಿನದಲ್ಲಿ ಮರ್ತುಹೋಗತ್ತೆ. ನಿನ್ನ ಕೆಲಸ ಹೋದ್ರೆ ವಾಪಸ್ ಬರತ್ತಾ?"

ಅವಳನ್ನು ದೂರಲಾರೆ. ಅದೇ ಮಾತನ್ನು ಕೇಳಬೇಕೆಂದೇ ಫೋನ್ ಮಾಡಿದ್ದೆ. ಸೋಮವಾರ ಹೋಯಿತು, ಮುಂದಿನ ಸೋಮವಾರ ತಪಾಸಣೆಗೆ ಯಾರೋ ಬಂದರು, ಆಮೇಲೆ ಪರೀಕ್ಷೆ. ನಿಜ ಹೇಳಲು ಒಳ್ಳೆಯ ದಿನ ಹುಡುಕುವವರಿಗೆ ಅದು ಸಿಗುವುದಿಲ್ಲವೆಂದು ನನಗೆ ಅನುಭವದಿಂದ ಗೊತ್ತು.

ಅಷ್ಟರಲ್ಲಿ ನಡೆಯುವುದೆಲ್ಲ ನಡೆದಿತ್ತು. ಹೆಡ್ ಮೇಡಂ ಬೆಳಗಿನ ಪ್ರಾರ್ಥನೆಯಲ್ಲಿ ಹೆಸರು ಹೇಳದೆ ಬುದ್ಧಿಮಾತು ಹೇಳಿದರು. ಹೆಸರು ಹೇಳಬೇಕಾದ ಅಗತ್ಯವೇನಿತ್ತು, ಮುನ್ನೂರು ತಲೆಗಳು ಒಂದೇ ಕಡೆ ತಿರುಗಿದವು. ಗುಂಡುವಿನ ತಾಯಿ ಬಂದು ಕೈಮುಗಿದು ಕೇಳಿಕೊಂಡರು, "ಆ ಹುಡ್ಗಿ ಪಕ್ಕ ಮಾತ್ರ ಕೂರಿಸ್ಬೇಡಿ ಮಿಸ್." ಕೂರಿಸಲಿಲ್ಲ. ಅವನನ್ನು ಕಿಟಕಿಯ ಬಳಿ, ಅವಳನ್ನು ನನ್ನ ಮೇಜಿನ ಎದುರು ಹಾಕಿದೆ. ಊಟದ ಬಿಡುವಿನಲ್ಲಿ ಮಕ್ಕಳು ಅವಳನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ, "ನೀನು ಸುಳ್ಳು ಲೆಕ್ಕ ಹೇಳ್ತೀಯ" ಎನ್ನುತ್ತಿದ್ದರು. ಅದನ್ನು ನನ್ನ ಕಿವಿಯಾರೆ ಕೇಳಿದೆ, ಕೇಳಿಸದವಳ ಹಾಗೆ ವರಾಂಡ ದಾಟಿದೆ. ರೇಡಿಯೋ ನಿಂತುಹೋಯಿತು. ಸ್ಟಾಫ್ ರೂಮಿನಲ್ಲಿ ಯಾರೋ "ನಿಮ್ಮ ಕ್ಲಾಸು ಈಗ ಎಷ್ಟು ಶಾಂತವಾಗಿದೆ" ಎಂದರು.

ವರ್ಷದ ಕೊನೆಗೆ ನನ್ನ ಕೆಲಸ ಕಾಯಂ ಆಯಿತು. ಈಗ ಹೆಡ್ ಮೇಡಂ ಕುರ್ಚಿಯಲ್ಲಿ ಕೂತಿರುವವಳು ನಾನೇ. ಹೊಸ ಮಿಸ್‌ಗಳಿಗೆ ಮಕ್ಕಳ ತಲೆ ಮುಟ್ಟಿಯೇ ಎಣಿಸಬೇಕೆಂದು ಕಟ್ಟುನಿಟ್ಟು ಮಾಡಿದ್ದೇನೆ. ಯಾಕೆಂದು ಕೇಳಿದರೆ ಹಿಂದೊಮ್ಮೆ ಒಂದು ಮಗು ಎಡವಟ್ಟು ಮಾಡಿತ್ತು ಎನ್ನುತ್ತೇನೆ. ಇವತ್ತಿಗೂ ಹಾಗೆಯೇ ಎನ್ನುತ್ತೇನೆ. ನಾಚಿಕೆಗೆ ಅಭ್ಯಾಸವಾಗಿಬಿಟ್ಟರೆ ನಾಲಿಗೆ ತಾನಾಗಿ ಹೊರಳುತ್ತದೆ.

ಆ ವರ್ಷದ ಎರಡನೇ ಪ್ರವಾಸ ಮುದ್ರಣಾಲಯಕ್ಕೆ. ಶಿಕ್ಷೆಯೆಂದು ಅವಳೊಬ್ಬಳನ್ನು ಬಿಟ್ಟುಹೋಗಬೇಕೆಂದು ಮೇಲಿನಿಂದ ಹೇಳಿದರು, ನಾನು ಬಿಟ್ಟುಹೋದೆ. ಅವಳನ್ನು ನಾಲ್ಕನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂರಿಸಿದ್ದರು. ನಾವು ಮಧ್ಯಾಹ್ನ ಮೂರಕ್ಕೆ ವಾಪಸಾದೆವು. ಮಕ್ಕಳೆಲ್ಲ ಮಸಿ ಮೆತ್ತಿದ ಬೆರಳುಗಳನ್ನು ಒಬ್ಬರಿಗೊಬ್ಬರು ತೋರಿಸುತ್ತ ಓಡಿಹೋದ ಮೇಲೆ ನಾನು ಖಾಲಿ ತರಗತಿಯಲ್ಲಿ ಚಪ್ಪಲಿ ಬಿಟ್ಟು ಕಾಲು ನೀವಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಅವಳು ನಿಂತಿದ್ದಳು.

ನನಗೆ ಭಯವಾಯಿತು. ಎಂಟು ವರ್ಷದ ಮಗುವನ್ನು ಕಂಡು ಭಯ. ಈಗ ಅಳುತ್ತಾಳೆ, ಯಾಕೆ ಮಿಸ್ ಎಂದು ಕೇಳುತ್ತಾಳೆ, ನಾನು ಏನು ಹೇಳಲಿ? ಕೇಳಲಿ ಎಂದೂ ಅನ್ನಿಸಿತು. ಕೇಳಿದರೆ ಇವತ್ತು ಹೇಳಿಬಿಡುತ್ತೇನೆ, ಇವಳ ಕೈ ಹಿಡಿದುಕೊಂಡೇ ಹೆಡ್ ಮೇಡಂ ಹತ್ತಿರ ಹೋಗುತ್ತೇನೆ.

ಅವಳು ಹಿಂದೆ ಮುಂದೆ ನೋಡಿ, ವರಾಂಡದಲ್ಲಿ ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು ಒಳಗೆ ಬಂದಳು. ನನ್ನ ಕುರ್ಚಿಯ ಹತ್ತಿರ ಬಂದು, ಕಿವಿಯ ಬಳಿ ಬಗ್ಗಿದಳು.

"ಮಿಸ್, ನೀವೇ ಹೇಳಿದ್ದು ಅಂತ ನಾನು ಯಾರಿಗೂ ಹೇಳಿಲ್ಲ," ಎಂದಳು. "ಅಮ್ಮಂಗೂ ಹೇಳಿಲ್ಲ. ಗುಂಡುಗೂ ಹೇಳ್ಬೇಡ ಅಂದಿದ್ದೀನಿ."

ನಾನು ಅವಳ ಮುಖವನ್ನೇ ನೋಡಿದೆ. ಅವಳು ಕಾಯುತ್ತಿದ್ದಳು.

"ಜಾಣೆ," ಎಂದೆ.

ಎಷ್ಟೋ ದಿನದ ಮೇಲೆ ಯಾರೋ ಹೊಗಳಿದರಲ್ಲ, ಅವಳ ಮುಖ ಅರಳಿತು.