ಉಂಡ ಮೇಲೆ ಹೇಳುವ ಮಾತು

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ನೆನಪೇ ಆಗುತ್ತಿಲ್ಲ, ಉಪ್ಪಿನ ಡಬ್ಬದ ಮುಚ್ಚಳ ತೆಗೆದೇ ಇದೆ, ಒಂದು ತೊಟ್ಟು ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಗೊತ್ತಾಗುತ್ತದೆ, ಆದರೆ ಇವತ್ತು ಬಾಯಿಗೆ ಏನೂ ಹಾಕಿಕೊಳ್ಳಲು ಮನಸ್ಸಿಲ್ಲ, ಹಾಕಿಕೊಳ್ಳಬೇಡ ಅಂತ ಯಾರೂ ಹೇಳಿಲ್ಲ, ಸತ್ತವರು ನನ್ನ ಕುಲವಲ್ಲ, ನನ್ನ ದೇಶವೂ ಅಲ್ಲ — ಅಯ್ಯೋ ಶಿವನೇ, ಸತ್ತವರು ಅಂತ ಮನಸ್ಸು ಅಂದೇಬಿಟ್ಟಿತಲ್ಲ, ಬೆಳಗಿನಿಂದ ಆ ಮಾತನ್ನು ಅನ್ನದೆ ತಡೆದಿಟ್ಟುಕೊಂಡಿದ್ದೆ, ಓದಲು ಬಂದ ಐನೋಳನ್ನು ನಮ್ಮ ಮನೆಯಲ್ಲಿ ಇರಿಸಿದ ಮೈಸೂರಿನ ಆಫೀಸಿನ ನಯನಾ ಮೇಡಂ ಫೋನು ಮಾಡಿದಾಗಲೂ ಹ್ಞೂಂ ಹ್ಞೂಂ ಅಂದೆನೇ ಹೊರತು ಆ ಮಾತು ಆಡಲಿಲ್ಲ, ಪುಟ್ಟಮಲ್ಲಮ್ಮ ನೀವೇ ಹೇಳ್ಬೇಕು, ಐನೋ ಮೊಬೈಲು ಸ್ವಿಚ್ ಆಫ್ ಬರ್ತಿದೆ, ಫಿನ್‌ಲೆಂಡಿಂದ ಅವರಪ್ಪ ನಮಗೆ ಮಾಡಿದ್ರು, ತಾಯಿ ರಾತ್ರಿ ಮಲಗಿದವರು ಬೆಳಿಗ್ಗೆ ಎದ್ದೇ ಇಲ್ವಂತೆ, ಇವತ್ತೇ ವಿಮಾನ ಹತ್ತಿಸ್ತೀವಿ, ನೀವು ಅವಳಿಗೆ ಇಲ್ಲಿನ ತಾಯಿ ಅಲ್ವಾ, ಕಾಲೇಜಿಂದ ಬಂದ ತಕ್ಷಣ ಹೇಳ್ಬಿಡಿ — ಎಷ್ಟು ಸಲೀಸಾಗಿ ಅಂದುಬಿಟ್ಟಳು ಮೇಡಮ್ಮು, ತಕ್ಷಣ ಅಂತೆ. ಇವರಂತೂ ಗೊಬ್ಬರದ ಅಂಗಡಿಯಿಂದ ಓಡಿ ಬಂದು, ಸುದ್ದಿ ಕೇಳಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, ನೀನೇ ಏಳ್ಬುಡು, ನನ್ ಕೈಲಾಗಕಿಲ್ಲ, ನಾನು ಕಾರು ಗೊತ್ತು ಮಾಡ್ಕಂಡ್ ಬತ್ತೀನಿ ಅಂತ ಹೊರಟೇಹೋದರು, ಯೂರಿಯಾ ಮೂಟೆ ಎತ್ತಿ ಎಸೆಯುವ ಗಂಡಸು, ಒಂದು ಮಾತು ಎತ್ತಲು ಆಗಲಿಲ್ಲ. ಅಷ್ಟರಲ್ಲಿ ಗೇಟು ಕಿರುಗುಟ್ಟಿತು, ಚಾಮರಾಜನಗರದ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುತ್ತಾ ಅಲ್ಲಿಂದಲೇ ಕೂಗಿದಳು, ಅವ್ವಾ, ಒಟ್ಟೆ ಅಸೀತದೆ ಕಣವ್ವ. ತಕ್ಷಣ ಅಂದರೆ ಈಗಲೇ, ಹೇಳಬೇಕಾದದ್ದು ಈಗಲೇ, ಬಾಯಿ ತೆಗೆದೆ, ಬಂದದ್ದು ಬೇರೆ — ಕೈಕಾಲು ತೊಳ್ಕಂಡ್ ಬಾ, ಮುದ್ದೆ ಬಿಸಿಯಾಗದೆ.

ಮೊಬೈಲು ಸತ್ತೋಗದೆ ಅವ್ವ ಅಂದಳು, ಚಾರ್ಜಿಗೆ ಹಾಕಲು ಹೊರಟಳು, ಕೊಡು ನಾನ್ ಹಾಕ್ತೀನಿ ಅಂತ ಕಿತ್ತುಕೊಂಡೆ, ವಯರು ಚುಚ್ಚಿದೆ, ಸ್ವಿಚ್ಚು ಒತ್ತಲಿಲ್ಲ. ಆ ಮಾತು ಅವಳಿಗೆ ಗೊತ್ತಿದೆ ನೋಡು, ಸತ್ತೋಯ್ತು ಅನ್ನುವುದು, ಬಂದ ಹೊಸದರಲ್ಲಿ ಬಚ್ಚಲಿನ ಜಿರಳೆಯಿಂದ ಕಲಿತದ್ದು, ಪೊರಕೆ ಹಿಡಿದು ಹೊರಗೆ ಬಂದು ಅವ್ವಾ ಸತ್ತೋಯ್ತು ಸತ್ತೋಯ್ತು ಅಂತ ಕುಣಿದಿದ್ದಳು, ಈಗ ಅದೇ ಮಾತನ್ನು ನಾನು ಯಾವ ಬಾಯಲ್ಲಿ ಆಡಲಿ. ಅವಳ ತಾಯಿಯನ್ನು ಅವಳು ಕರೆಯುವುದು ಐತಿ ಅಂತ, ಅವರ ಭಾಷೆಯಲ್ಲಿ ಅಮ್ಮ ಅಂದರೆ ಹಾಗೆ, ಭಾನುವಾರದ ವಿಡಿಯೋ ಕಾಲಿನಲ್ಲಿ ನಾನೂ ಐತಿ ಅಂತಲೇ ಕರೆಯುತ್ತಿದ್ದೆ, ಆಕೆ ನನ್ನನ್ನು ಅವ್ವ ಅನ್ನುತ್ತಿದ್ದಳು, ನನಗಿಂತ ದೊಡ್ಡವಳೋ ಚಿಕ್ಕವಳೋ ಕೇಳಲೇ ಇಲ್ಲ, ಒಬ್ಬರ ಮಾತು ಒಬ್ಬರಿಗೆ ತಿಳಿಯದು, ನಾನು ಬದನೆಕಾಯಿ ಎತ್ತಿ ತೋರಿಸುವುದು, ಆಕೆ ಕಿಟಕಿ ತೆಗೆದು ಹಿಮ ತೋರಿಸುವುದು, ಐನೋ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಗುವುದು. ಉಣ್ಣೆ ಕಾಲುಚೀಲ ಹೆಣೆದು ಕಳಿಸಿದ್ದಳು ನನಗೆ, ಗುಂಡ್ಲುಪೇಟೆಯ ಬಿಸಿಲಿಗೆ ಉಣ್ಣೆ ಕಾಲುಚೀಲ, ಇವರು ಅದನ್ನು ನೋಡಿ ಎಷ್ಟು ರೇಗಿಸಿದರು, ಆದರೂ ಭಾನುವಾರ ಬಂದರೆ ಹಾಕಿಕೊಂಡು ಕೂರುತ್ತಿದ್ದೆ, ಕಾಲೆತ್ತಿ ತೋರಿಸುತ್ತಿದ್ದೆ. ಒಂದು ಸಲ ಐನೋ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ ಫೋನಿನ ಮುಂದೆ ಕೂರಿಸಿದೆ, ಆಕೆ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ಮಗಳ ಜಡೆಯನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಏನೋ ಅಂದಳು, ಏನಂತಮ್ಮಿ ಅಂತ ಕೇಳಿದೆ, ನನ್ನನ್ನ ಚೆನ್ನಾಗಿ ನೋಡ್ಕೊ ಅಂದ್ಲು ಅಂತ ಐನೋ ಮುಖ ಕೆಂಪಗೆ ಮಾಡಿಕೊಂಡು ಹೇಳಿದಳು. ನೋಡ್ಕತೀನಿ ಕಣವ್ವ ಅಂದಿದ್ದೆ, ಫೋನಿನೊಳಗೆ ಬಾಯಿಟ್ಟು ಜೋರಾಗಿ ಅಂದಿದ್ದೆ. ನೋಡಿಕೊಳ್ಳುವುದು ಅಂದರೆ ಏನು ಈಗ, ಹೇಳುವುದೋ, ಬಡಿಸುವುದೋ. ಬೆಂಗಳೂರಿನವರೆಗೆ ಕಾರು, ಆಮೇಲೆ ಎರಡೋ ಮೂರೋ ವಿಮಾನ, ಆ ದಾರಿಯುದ್ದಕ್ಕೂ ಒಂದು ತುತ್ತು ತಿನ್ನಮ್ಮಿ ಅನ್ನುವವರು ಒಬ್ಬರೂ ಇರುವುದಿಲ್ಲ ಅವಳಿಗೆ.

ತಟ್ಟೆ ಇಟ್ಟೆ, ಮುದ್ದೆ ಹಾಕಿದೆ, ಸೊಪ್ಪಿನ ಸಾರು ಬಿಟ್ಟೆ, ಚಕ್ಕಳಮಕ್ಕಳ ಕೂತು ಬಲಗೈ ಅದ್ದಿ ಮುದ್ದೆ ಮುರಿದಳು, ಮೊದಮೊದಲು ಅಗಿಯುತ್ತಿದ್ದಳು, ಅಗೀಬ್ಯಾಡ ಕಣಮ್ಮಿ ನುಂಗು ಅಂತ ಹೇಳಿಕೊಟ್ಟವಳು ನಾನು, ಈಗ ನಮ್ಮವರ ಹಾಗೇ ನುಂಗುತ್ತಾಳೆ, ಬೆರಳ ತುದಿಯಷ್ಟೇ ಒದ್ದೆ, ಎಷ್ಟು ಬೆಳ್ಳಗಿವೆ ಆ ಬೆರಳು. ಯಶೋದಮ್ಮನ ಮಗಳು ಶಿವರಂಜಿನಿಯೂ ಇದೇ ಜಾಗದಲ್ಲಿ ಕೂತು ಉಂಡಳು, ಎದುರುಮನೆ ಯಶೋದಮ್ಮನ ಗಂಡ ಆಸ್ಪತ್ರೆಯಲ್ಲಿ ತೀರಿಹೋದ ದಿನ, ಮದ್ದೂರಿನಿಂದ ಅವಳನ್ನು ನಿಮ್ಮಪ್ಪನಿಗೆ ಉಸಾರಿಲ್ಲ ಅಂತಷ್ಟೇ ಹೇಳಿ ಕರೆಸಿದ್ದರು, ನಮ್ಮ ಮನೆಯಲ್ಲಿ ಊಟಕ್ಕೆ ಹಾಕಿ, ಕೈ ತೊಳೆದ ಮೇಲೆ ಹೇಳಿದೆವು. ಐನೋ ಅವತ್ತು ಮಜ್ಜಿಗೆ ಬಡಿಸಿದ್ದಳು, ಎಲ್ಲ ಗೊತ್ತಿದ್ದೂ ಬಡಿಸಿದ್ದಳು, ನಾನು ಕಣ್ಸನ್ನೆ ಮಾಡಿದ್ದಕ್ಕೆ. ಎಲ್ಲರೂ ಹೋದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು, ಅವ್ವಾ, ಅವ್ಳು ನಗ್ತಿದ್ಲು, ಉಪ್ಪಿನಕಾಯಿ ಕೇಳಿದ್ಲು, ನಿಂಗೆ ಗೊತ್ತಿತ್ತು, ಯಾಕೆ ಕೊಟ್ಟೆ. ಇನ್ನೇನ್ ಮಾಡದು ಕಣಮ್ಮಿ, ಗೊತ್ತಾದ ಮ್ಯಾಲೆ ಗಂಟಲಲ್ಲಿ ನೀರೂ ಇಳಿಯಕಿಲ್ಲ, ಮೊದ್ಲು ಒಟ್ಟೆಗೆ ಆಕಿ ಆಮೇಲೆ ಸುದ್ದಿ ಏಳದು, ನಮ್ಮೋರು ಇಂಗೇ ಮಾಡದು ಅಂದೆ. ಅವಳು ತಲೆ ಅಲ್ಲಾಡಿಸಿದಳು, ನಂಗೆ ಅಂಗೆ ಮಾಡ್ಬ್ಯಾಡ ಅವ್ವ, ಯಾವತ್ತೂ ಮಾಡ್ಬ್ಯಾಡ, ಪ್ರಾಮಿಸ್ ಮಾಡು. ಥೂ, ಬುಡ್ತು ಅನ್ನು ಅಂತ ತಲೆಗೆ ಮೊಟಕಿದೆ, ಬುಡ್ತು ಅಂದಳು, ಅಂದು ಕೈ ಚಾಚಿದಳು, ಕೈ ಮೇಲೆ ಕೈ ಇಟ್ಟೆನಲ್ಲ, ಇಟ್ಟೆ. ಸುಳ್ಳಿಗೆ ಇಟ್ಟದ್ದಲ್ಲ ಅದು, ನನಗೂ ಗೊತ್ತು ಆ ಊಟದ ರುಚಿ. ನನ್ನ ಅಣ್ಣ ಮಾದೇಶ್ ಉಮ್ಮತ್ತೂರಿನಿಂದ ಬೈಕಿನಲ್ಲಿ ಬಂದು ಜಗಲಿ ಮೇಲೆ ಕೂತು, ಒಳಗೂ ಬರದೆ, ಅವ್ವನ್ಗೆ ವಸಿ ಉಸಾರಿಲ್ಲ, ನೋಡ್ಕ ಬರನ ಬಾ ಅಂದಿದ್ದ, ನಮ್ಮ ಅತ್ತೆ ಮೊದ್ಲು ಉಣ್ಣು ಅಂತ ತಟ್ಟೆ ಇಟ್ಟರು, ಹಿತಕಿದ ಬೇಳೆ ಸಾರು, ನಾನು ಎರಡನೇ ಸಲ ಹಾಕಿಸಿಕೊಂಡೆ, ಇವತ್ತು ಸಾರು ಪಸಂದಾಗದೆ ಅತ್ತೆ ಅಂತಲೂ ಅಂದೆ. ಉಮ್ಮತ್ತೂರಿನಲ್ಲಿ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ, ಓಡಿಹೋಗಿ ಪಾದ ಹಿಡಿದೆ, ಹಿಡಿದ ಕೈಯಲ್ಲಿ ಇನ್ನೂ ಸಾರಿನ ವಾಸನೆ. ಅತ್ತೆಯನ್ನು ಕ್ಷಮಿಸಲಿಲ್ಲ ನಾನು, ಅವರು ಹೋಗುವವರೆಗೂ ಆ ಸಾರು ಈ ಒಲೆಯ ಮೇಲೆ ಮಾಡಲಿಲ್ಲ. ಈಗ ಅದೇ ಅತ್ತೆಯ ಹಾಗೆ ಸೌಟು ಹಿಡಿದು ನಿಂತಿದ್ದೇನೆ.

ಉಣ್ಣುತ್ತಿದ್ದಾಳೆ, ಉಣ್ಣಲಿ, ಒಂದು ಮುದ್ದೆ ಮುಗಿಯಲಿ, ಅಲ್ಲ, ಈಗ ಹೇಳಿಬಿಡುತ್ತೇನೆ, ಮಾತು ಕೊಟ್ಟಿದ್ದೇನೆ, ಈ ತುತ್ತು ಇಳಿಯಲಿ, ಆಮೇಲೆ — ಬಸ್ಸಿನಲ್ಲಿ ಯಾರೋ ಅಜ್ಜಿ ಅವಳ ಮಡಿಲಲ್ಲಿ ಕೋಳಿ ಇಟ್ಟು ಮಲಗಿಬಿಟ್ಟಿತಂತೆ, ಅದನ್ನು ಹೇಳುತ್ತಿದ್ದಾಳೆ, ಕೋಳಿ ಹೇಗೆ ನೋಡಿತು ಅಂತ ಕತ್ತು ಕೊಂಕಿಸಿ ತೋರಿಸುತ್ತಿದ್ದಾಳೆ, ನಾಳೆ ಭಾನುವಾರ ಅಲ್ವಾ ಅವ್ವ, ಐತಿಗೆ ಈ ಕೋಳಿ ಕತೆ ಏಳ್ಬೇಕು, ನೀನು ಕೋಳಿ ತರ ಮಾಡು ಅವ್ವ ಅನ್ನುತ್ತಾಳೆ, ನಾನು ನಗಬೇಕು, ನಕ್ಕೆ, ನಕ್ಕದ್ದು ಎಂಥ ಸದ್ದು ಅದು, ನನ್ನ ಕಿವಿಗೇ ಅಸಹ್ಯ. ಸೆರಗಿನಿಂದ ಮುಖ ಒರೆಸಿಕೊಂಡೆ, ಸೆಕೆ ಕಣಮ್ಮಿ ಅಂದೆ, ಇನ್ನೊಂದ್ ಮುದ್ದೆ ಆಕ್ಲಾ, ವಸಿ ತುಪ್ಪ ಬುಡ್ಲಾ, ಉಣ್ಣು, ಚೆನ್ನಾಗ್ ಉಣ್ಣು ಅಂದೆ, ಬೇಡ ಅನ್ನುವ ಮೊದಲೇ ಹಾಕಿದೆ, ತುಪ್ಪ ತಟ್ಟೆಯಂಚಿಗೆ ಹರಿಯಿತು. ಸಾರಿಗೆ ಉಪ್ಪಿಲ್ಲ ಅವ್ವ, ಮರ್ತ್‌ಬುಟ್ಟಿದೀಯ ಅಂದಳು, ನಗುತ್ತಲೇ ಅಂದಳು, ಯಾವತ್ತೂ ಮರೀದೋಳು ಅಂದಳು, ಡಬ್ಬ ತರಲು ತಿರುಗಿದೆ, ಹಿಂದಿನಿಂದ ಕೇಳಿದಳು, ನಿನ್ ತಟ್ಟೆ ಎಲ್ಲಿ ಅವ್ವ, ನೀನ್ ಉಣ್ಣಕಿಲ್ವಾ. ಆಮೇಲೆ ಉಣ್ತೀನಿ ಅಂದೆ, ನೀನು ಉಣ್ಣು ಮೊದ್ಲು. ಮೊದ್ಲು ಅನ್ನುವ ಮಾತು ಬಾಯಿಂದ ಬಿದ್ದುಹೋಯಿತು. ಉಪ್ಪಿನ ಡಬ್ಬ ಹಿಡಿದು ತಿರುಗಿದರೆ ಅವಳು ನನ್ನನ್ನು ನೋಡುತ್ತಿಲ್ಲ, ನೆಲ ನೋಡುತ್ತಿದ್ದಾಳೆ, ದಿನವೂ ನನ್ನ ತಟ್ಟೆ ಇರುವ ಜಾಗ ನೋಡುತ್ತಿದ್ದಾಳೆ, ಆಮೇಲೆ ಗೋಡೆಯ ಕಡೆ, ಅಲ್ಲಿ ಅವಳ ಮೊಬೈಲು, ವಯರು ಚುಚ್ಚಿದೆ, ಸ್ವಿಚ್ಚು ಮೇಲಕ್ಕಿದೆ, ಅದನ್ನೂ ನೋಡಿದಳು, ಎದ್ದು ಹೋಗಿ ಒತ್ತಲಿಲ್ಲ. ಹೇಳು ಪುಟ್ಟಮಲ್ಲಮ್ಮ, ಈಗ ಹೇಳು, ಗೇಟಿನ ಹತ್ತಿರ ಕಾರು ಬಂದು ನಿಂತ ಸದ್ದು, ಇವರ ಕೆಮ್ಮು, ಒಳಗೆ ಬರುತ್ತಿಲ್ಲ, ಜಗಲಿಯಲ್ಲೇ ನಿಂತುಬಿಟ್ಟರು, ಮಾದೇಶನ ಹಾಗೆ. ಅವ್ವಾ, ಅಂದಳು, ಮೆಲ್ಲಗೆ, ಕೋಳಿ ಕತೆ ಹೇಳಿದ ದನಿಯೇ ಅಲ್ಲ ಅದು, ಯಾರು ಅವ್ವ. ಉಪ್ಪಿನ ಡಬ್ಬ ನೆಲಕ್ಕಿಟ್ಟೆ. ಅಪ್ಪಾನಾ, ಐತಿನಾ. ಎರಡನೆಯದಕ್ಕೆ ನನ್ನ ಮುಖ ಏನು ಮಾಡಿತೋ ನನಗೆ ಗೊತ್ತಿಲ್ಲ. ಮುದ್ದೆಯ ತುಣುಕು ಹಿಡಿದ ಅವಳ ಬೆರಳು ತಟ್ಟೆಯ ಮೇಲೆ ಹಾಗೇ ನಿಂತಿದೆ, ಬಾಯಿಗೂ ಹೋಗುತ್ತಿಲ್ಲ, ತಟ್ಟೆಗೂ ಇಳಿಯುತ್ತಿಲ್ಲ, ತುದಿಯಿಂದ ಸಾರು ತೊಟ್ಟಿಕ್ಕುತ್ತಿದೆ, ಬೆಳ್ಳನೆ ಬೆರಳು, ನಾನು ಕಲಿಸಿಕೊಟ್ಟ ಹಾಗೆಯೇ ಒಟ್ಟುಗೂಡಿಸಿ ಹಿಡಿದ ಐದು ಬೆರಳು, ಆ ಬೆರಳು —