ಖಾಲಿ ಬಕೀಟಿನ ಸಾಲಿನಲ್ಲಿ ಜಟ್ಟೆಪ್ಪ

ರಾವೂರಿನ ಜಟ್ಟೆಪ್ಪನ ಎದುರಿಗೆ ಬೀಡಿ ಹಚ್ಚುವ ಧೈರ್ಯ ಊರಗೌಡನಿಗೂ ಇರಲಿಲ್ಲ. ಕಲ್ಲುಗಣಿಯಲ್ಲಿ ದುಡಿದು ಹುರಿಗೊಂಡ ತೋಳು, ಮುಂದಕ್ಕೆ ವಾಲಿದ ನಡಿಗೆ, ವೈಶಾಖದ ಉರಿಬಿಸಿಲಿನಲ್ಲೂ ಗುಂಡಿ ಬಿಚ್ಚದ ಖಾಕಿ ಕೋಟು, ಈ ಮೂರ್ತಿ ಹತ್ತಿರ ಬಂದು, "ಎದಿ ಸುಡಾಕತ್ತೀರೇನ್ರಿ?" ಎಂದು ಗದರಿದರೆ ಎಂಥವನ ಬೀಡಿಯೂ ನೆಲ ಕಾಣುತ್ತಿತ್ತು.

ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರಾದ ಕಾಲವದು. ಜೋಳದ ಕಣಕಿಯ ಬಣವಿಗೆ ಬೆಂಕಿ ಬಿದ್ದರೆ ದೂರದಿಂದ ಸರ್ಕಾರದ ಮೋಟಾರು ಬರುವಷ್ಟರಲ್ಲಿ ಬೂದಿಯೇ ಗತಿ. ಅದಕ್ಕೇ ಜಟ್ಟೆಪ್ಪ ಗಣಿಯ ಆಳುಗಳ ತಂಡ ಕಟ್ಟಿದ. ಸಂಬಳವಿಲ್ಲದ ಸೇವೆ, ಆಯುಧವೆಂದರೆ ಬಕೀಟು, ಹಸಿ ಗೋಣಿಚೀಲ. ಒಮ್ಮೆ ಅವನ ಜೀವದ ಗೆಳೆಯ ಲಾಲಪ್ಪ ಬೆಂಕಿಯನ್ನು ಗೆದ್ದು ಬಂದು, ಎದೆ ಹಿಡಿದು ಬಾವಿಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅಂದಿನಿಂದ ಶುರುವಾಯಿತು ಆ ಕಟ್ಟಳೆ, ಅಬ್ಬಬ್ಬಾ! ಬೆಳಗಾದರೆ ಎಲ್ಲರೂ ತುಂಬಿದ ಬಕೀಟು ಹೊತ್ತು ಗಣಿಯ ತಳದಿಂದ ಮೇಲಕ್ಕೆ ಓಡಬೇಕು. ಜಟ್ಟೆಪ್ಪ ಒಬ್ಬೊಬ್ಬರ ಎದೆಗೆ ಕಿವಿ ಹಚ್ಚಿ, ಕೈಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರಿ ಮಡಚುವನು. ಎಲೆ ಬಾಯಿಗೆ ಹೋಗುವಷ್ಟರಲ್ಲಿ ಬಡಿತ ಹದಕ್ಕೆ ಬಾರದವನಿಗೆ ಬೆಂಕಿಯ ಬಳಿ ಪ್ರವೇಶವಿಲ್ಲ. ಅಂಥವನು ಹೆಂಗಸರೊಡನೆ ನಿಂತು ಖಾಲಿ ಬಕೀಟು ಬಾವಿಗೆ ದಾಟಿಸಬೇಕು.

ಅವನೇ ತಿದ್ದಿದ ತರುಣ ಮಶಾಕ ಒಂದು ಮುಂಜಾನೆ ನಗುತ್ತಲೇ, "ಕಾಕಾ, ಇವತ್ತ ನಿಮ್ಮ ಎದಿ ನಾ ಕೇಳ್ತೀನ್ರಿ" ಎಂದ. ಜಟ್ಟೆಪ್ಪ ಠೀವಿಯಿಂದ ಓಡಿ ಬಂದ, ಎಲೆ ಮಡಚಿದ, ಅಗಿದೂ ಮುಗಿಸಿದ. ಮಶಾಕ ಕಿವಿ ತೆಗೆಯಲಿಲ್ಲ.

"ಬಡಿತ ಹದಕ್ಕ ಬರವಲ್ದು ಕಾಕಾ," ಎಂದ.

ಆ ವಾರದಲ್ಲೇ, ಮಟಮಟ ಮಧ್ಯಾಹ್ನ, ಜಟ್ಟೆಪ್ಪನ ಸ್ವಂತ ಬಣವಿಗೇ ಕಿಡಿ ತಗುಲಿತು, ಮಗ್ಗುಲಲ್ಲೇ ಮನೆ. "ನಿಮ್ಮ ಮನೀನೇ ಹೋಗ್ತದ, ಬರ್ರಿ ಕಾಕಾ!" ಎಂದು ಗಂಡಸರು ಕೂಗಿದರು. ಅವನ ಕಾಲು ಒಮ್ಮೆ ಮುಂದಕ್ಕೆ ಚಿಮ್ಮಿತು. ಮರುಗಳಿಗೆ ಹೆಂಡತಿ ಮಹಾದೇವಮ್ಮನ ಪಕ್ಕ ನಿಂತು ಖಾಲಿ ಬಕೀಟಿಗೆ ಕೈ ಚಾಚಿದ.

"ಮಶಾಕ ಮುಂದ ನಡೀಲಿ! ನನ್ನ ಕಾಯ್ದೆ ನಾನೇ ಮುರದ್ರ ಲಾಲಪ್ಪ ಸುಮ್ಮ ಸತ್ತಂಗ ಆಗ್ತದ."

ಬಣವಿ ಹೋಯಿತು, ಮನೆ ಉಳಿಯಿತು. ಅಂದು ರಾವೂರು ಅವನನ್ನು ಕಂಡು ಎಷ್ಟು ಹೆಮ್ಮೆಪಟ್ಟಿತೆಂದರೆ, ಆಮೇಲೆ ಆ ಸಾಲಿನಲ್ಲಿ ನಿಲ್ಲಲು ಯಾವ ಗಂಡಸೂ ನಾಚಲಿಲ್ಲ.

ಉರಿಗೆ ನುಗ್ಗುವ ಶೂರರು ಎಲ್ಲ ಊರುಗಳಲ್ಲೂ ಹುಟ್ಟುತ್ತಾರೆ. ತನ್ನ ಮನೆಯೇ ಉರಿಯುವಾಗಲೂ ತಾನು ಎಳೆದ ಗೆರೆಯ ಈಚೆ ನಿಲ್ಲಬಲ್ಲವರು ಅಪರೂಪ; ಅಂಥವರಿರುವ ಊರಿನಲ್ಲಿ ಹೆಂಗಸರು ಗಂಡಂದಿರನ್ನು ಬೆಂಕಿಗೆ ಕಳಿಸಿ, ಮರಳಿ ಬಂದೇ ಬರುತ್ತಾರೆಂಬ ನಂಬಿಕೆಯಿಂದ ಅವರ ಪಾಲಿನ ರೊಟ್ಟಿಯನ್ನೂ ಲೆಕ್ಕ ಹಿಡಿದೇ ಬಡಿಯುತ್ತಾರೆ.